45 ರೂಪಾಯಿಯ ಸೈಲೆನ್ಸರ್: ಚಿಪ್ ಪ್ರೋಗ್ರಾಮಿಂಗ್ ಮಷಿನ್ ರಿಪೇರಿ ಡೈರಿ

ಪೀಣ್ಯ ಎರಡನೇ ಹಂತದ ಒಂದು ಶೆಡ್‌ನಲ್ಲಿ ನನ್ನ ಕೆಲಸ. ಖಾಲಿ ಚಿಪ್‌ಗಳು ಬರುತ್ತವೆ, ಪ್ರೋಗ್ರಾಂ ತುಂಬಿ ಬೋರ್ಡ್ ಜೋಡಿಸುವವರಿಗೆ ಕಳಿಸುತ್ತೇವೆ. ಇರುವುದು ಒಂದೇ ಆಟೋಮ್ಯಾಟಿಕ್ ಮಷಿನ್. ಅದೂ ಸೆಕೆಂಡ್ ಹ್ಯಾಂಡ್. ತಂದು ಎರಡು ವರ್ಷವಾಯಿತು. 2025ರ ಆಗಸ್ಟ್‌ನಲ್ಲಿ ಅದು ಎರಡು ವಾರ ನನ್ನ ನಿದ್ದೆ ಕೆಡಿಸಿತು. ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದನ್ನು ದಿನದ ಲೆಕ್ಕದಲ್ಲೇ ಇಲ್ಲಿ ಹಾಕುತ್ತಿದ್ದೇನೆ. ನನ್ನ ತಪ್ಪುಗಳನ್ನೂ ಬಿಟ್ಟಿಲ್ಲ.

ಮಷಿನ್ ಬಗ್ಗೆ ಎರಡು ಮಾತು. ವ್ಯಾಕ್ಯೂಮ್ ನಾಝಲ್ ಇರುವ ಒಂದು ಹೆಡ್ ಟ್ರೇಯಿಂದ ಚಿಪ್ ಎತ್ತುತ್ತದೆ. ಕೆಳಗಿನ ಕ್ಯಾಮೆರಾ ಅದು ನೇರವಾಗಿದೆಯಾ ಅಂತ ನೋಡುತ್ತದೆ. ಆಮೇಲೆ ಹೆಡ್ ಅದನ್ನು ಸಾಕೆಟ್‌ಗೆ ಇಳಿಸುತ್ತದೆ. ಒಟ್ಟು 8 ಸಾಕೆಟ್. 1ರಿಂದ 4 ಎ ಕಡೆ, 5ರಿಂದ 8 ಬಿ ಕಡೆ. ಈ ಸಾಕೆಟ್‌ಗಳಿಗೆ ಮುಚ್ಚಳ ಇಲ್ಲ. ಮೇಲಿನ ಚೌಕಟ್ಟನ್ನು ಒತ್ತಿದರೆ ಒಳಗಿನ ಕಾಂಟ್ಯಾಕ್ಟ್‌ಗಳು ಬಾಯಿ ಬಿಡುತ್ತವೆ, ಬಿಟ್ಟರೆ ಚಿಪ್‌ನ ಕಾಲುಗಳನ್ನು ಕಚ್ಚಿ ಹಿಡಿಯುತ್ತವೆ. ಒತ್ತುವ ಕೆಲಸ ಪ್ರೆಸ್ ಪ್ಲೇಟ್‌ನದ್ದು. ಎ ಕಡೆಗೆ ಒಂದು ಪ್ಲೇಟ್, ಬಿ ಕಡೆಗೆ ಒಂದು. ಎರಡಕ್ಕೂ ಬೇರೆ ಬೇರೆ ಏರ್ ಸಿಲಿಂಡರ್, ಬೇರೆ ಬೇರೆ ವಾಲ್ವ್. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೇ ಇದನ್ನು.

ಆಗ ಓಡುತ್ತಿದ್ದ ಚಿಪ್ ಎಸ್‌ಟಿಎಂ32ಎಫ್103, 48 ಕಾಲಿನ ಎಲ್‌ಕ್ಯುಎಫ್‌ಪಿ, ಅಂದರೆ ನಾಲ್ಕೂ ಬದಿಗೆ ಕಾಲಿರುವ ಚಪ್ಪಟೆ ಚೌಕ ಪ್ಯಾಕೇಜ್. ಒಂದು ಟ್ರೇಯಲ್ಲಿ 250. ಕಾಲಿನಿಂದ ಕಾಲಿಗೆ ಅರ್ಧ ಮಿಲಿಮೀಟರ್. ಉಗುರು ತಾಗಿದರೂ ಬಾಗುವಂಥವು.

ಆಗಸ್ಟ್ 4, ಸೋಮವಾರ

ಬೆಳಿಗ್ಗೆ ಹತ್ತೂವರೆಗೆ ಆಪರೇಟರ್ ಹುಡುಗಿ ಕರೆದಳು. "ಸರ್, ಇದು ಬೆಳಿಗ್ಗೆಯಿಂದ ಅಳ್ತಾನೇ ಇದೆ." ಬಜರ್ ಹೊಡೆದುಕೊಳ್ಳುವುದಕ್ಕೆ ನಮ್ಮಲ್ಲಿ ಅಳು ಅಂತಲೇ ಹೆಸರು.

ಸಂಜೆ ಲಾಗ್ ತೆಗೆದೆ. 1,240 ಚಿಪ್ ಓಡಿದ್ದವು, 137 ಫೇಲ್. ಶೇಕಡಾ 11. ನಮ್ಮಲ್ಲಿ ಅರ್ಧ ಪರ್ಸೆಂಟ್ ದಾಟಿದರೇ ಜಾಸ್ತಿ. ಸಾಕೆಟ್ ಪ್ರಕಾರ ಎಣಿಸಿದಾಗ ಹೀಗಿತ್ತು:

ಸಾಕೆಟ್ 1ರಿಂದ 4: 2, 1, 3, 1
ಸಾಕೆಟ್ 5ರಿಂದ 8: 29, 34, 31, 36

ಎರರ್ ಎಲ್ಲಾ ಒಂದೇ ಜಾತಿ: ಚಿಪ್ ಜೊತೆ ಕನೆಕ್ಷನ್ ಆಗಲಿಲ್ಲ. ಈ ಚಿಪ್ ಸರಿಯಾಗಿ ಕೂತಿದ್ದರೆ ಮೊದಲ ಮಾತಿಗೇ 1ಬಿಎ01477 ಅಂತ ಐಡಿ ಹೇಳುತ್ತದೆ. ಇಲ್ಲಿ ಉತ್ತರವೇ ಇಲ್ಲ. ಪ್ರೋಗ್ರಾಂ ಅರ್ಧಕ್ಕೆ ನಿಂತದ್ದು, ವೆರಿಫೈ ತಪ್ಪಿದ್ದು ಒಂದೂ ಇರಲಿಲ್ಲ. ಅಂದರೆ ಕಾಲಿಗೂ ಕಾಂಟ್ಯಾಕ್ಟ್‌ಗೂ ತಾಗಿಲ್ಲ.

ಕಾಂಟ್ಯಾಕ್ಟ್ ತೊಂದರೆ ಅಂದರೆ ಸಾಕೆಟ್ ಸವೆದಿದೆ ಅಂತ ತಕ್ಷಣ ತೀರ್ಮಾನ ಮಾಡಿಬಿಟ್ಟೆ. ನಾಲ್ಕು ಸಾಕೆಟ್ ಒಂದೇ ದಿನ, ಒಂದೇ ಪ್ರಮಾಣದಲ್ಲಿ ಸವೆಯುತ್ತವಾ? ಆವತ್ತು ಹೊಳೆಯಲಿಲ್ಲ.

ಆಗಸ್ಟ್ 5, ಮಂಗಳವಾರ

ಮೊದಲು ಕ್ಲೀನಿಂಗ್. 5ರಿಂದ 8ರವರೆಗಿನ ಸಾಕೆಟ್ ಬಿಚ್ಚಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ಕಾಂಟ್ಯಾಕ್ಟ್ ತುದಿಯಲ್ಲಿ ಬೂದಿ ಬಣ್ಣದ ಪುಡಿ ಕೂತಿತ್ತು. ಚಿಪ್ ಕಾಲಿನ ಟಿನ್ ಉಜ್ಜಿ ಉಜ್ಜಿ ಅಂಟಿಕೊಳ್ಳುವುದು ಮಾಮೂಲಿ. ಐಪಿಎ (ಬೇಗ ಆರುವ ಆಲ್ಕೋಹಾಲ್) ಹಾಕಿ, ಇಎಸ್‌ಡಿ ಬ್ರಷ್‌ನಿಂದ (ಸ್ಥಿರ ವಿದ್ಯುತ್ ಹುಟ್ಟಿಸದ ಬ್ರಷ್) ಕಾಂಟ್ಯಾಕ್ಟ್ ಉದ್ದಕ್ಕೂ ಉಜ್ಜಿದೆ. ಅಡ್ಡಡ್ಡ ಉಜ್ಜಿದರೆ ಕಾಂಟ್ಯಾಕ್ಟ್ ಬಾಗುತ್ತದೆ. ಒಣಗಿಸಿ ಹಾಕಿ 200 ಚಿಪ್ ಓಡಿಸಿದೆ. 20 ಫೇಲ್.

ಮಧ್ಯಾಹ್ನ ಹೊಸ ಸಾಕೆಟ್‌ಗೆ ಡೀಲರ್‌ಗೆ ಫೋನ್ ಮಾಡಿದೆ. ಸ್ಟಾಕ್ ಇತ್ತು. ಒಂದಕ್ಕೆ 3,200 ರೂಪಾಯಿ, ನಾಲ್ಕಕ್ಕೆ 12,800. ಓನರ್ ಮುಖ ಗಂಟು ಹಾಕಿಕೊಂಡೇ ಸಹಿ ಮಾಡಿದರು. ಸಂಜೆ ಐದಕ್ಕೆ ಹೊಸ ಸಾಕೆಟ್ ಕೂರಿಸಿ, ಪೊಸಿಷನ್ ಮತ್ತೆ ಕಲಿಸಿ, ಇನ್ನೂರು ಓಡಿಸಿದೆ.

23 ಫೇಲ್.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ. ಬಿಚ್ಚಿದ ಹಳೆ ಸಾಕೆಟ್‌ಗಳನ್ನು ಕವರ್‌ಗೆ ಹಾಕಿ "ಸವೆದಿದೆ" ಅಂತ ಬರೆದಿಟ್ಟೆ. ಅದೂ ಸುಳ್ಳೇ ಆಯಿತು.

ಹೊರಡುವಾಗ ಆ ಹುಡುಗಿ ಒಂದು ಮಾತು ಹೇಳಿದಳು. "ಸರ್, ಪಕ್ಕದವರು ಗನ್ ಹಿಡಿದಾಗೆಲ್ಲಾ ಇದು ಅಳುತ್ತೆ ಅನ್ಸುತ್ತೆ." ಪಕ್ಕದ ಬೇಯಲ್ಲಿ ಬೋರ್ಡ್ ಕತ್ತರಿಸುವ ರೌಟರ್ ಇದೆ. ಅಲ್ಲಿನ ಹುಡುಗ ಧೂಳು ಊದಲು ಏರ್ ಗನ್ ಬಳಸುತ್ತಾನೆ. ಧೂಳು ಇಲ್ಲಿಗೆ ಹಾರಿ ಬರುತ್ತೆ ಅಂತ ಹೇಳುತ್ತಿದ್ದಾಳೆ ಅಂದುಕೊಂಡೆ. "ಮಧ್ಯೆ ಗೋಡೆ ಇದೆಯಲ್ಲಮ್ಮ, ಇರಲಿ ಬಿಡು" ಅಂದೆ. ಈ ಡೈರಿಯಲ್ಲಿ ನನಗೆ ಜಾಸ್ತಿ ಚುಚ್ಚುವ ಸಾಲು ಇದೇ.

ಆಗಸ್ಟ್ 6, ಬುಧವಾರ

ಸೋಮವಾರವೇ ಮಾಡಬೇಕಿದ್ದ ಕೆಲಸ ಇವತ್ತು ಮಾಡಿದೆ: ಅದಲು ಬದಲು. ಎ ಕಡೆಯ ಪ್ರೋಗ್ರಾಮರ್ ಮಾಡ್ಯೂಲ್ ಬಿಚ್ಚಿ ಬಿ ಕಡೆಗೆ, ಬಿ ಕಡೆಯದ್ದು ಎ ಕಡೆಗೆ. ನಾಲ್ಕು ಸ್ಕ್ರೂ, ಎರಡು ಕೇಬಲ್, 20 ನಿಮಿಷದ ಕೆಲಸ. ದುಡ್ಡು ಖರ್ಚಿಲ್ಲ. ಮಾಡ್ಯೂಲ್ ಕೆಟ್ಟಿದ್ದರೆ ಫೇಲ್ ಎ ಕಡೆಗೆ ಹೋಗಬೇಕು. ಹೋಗಲಿಲ್ಲ. 5ರಿಂದ 8ರಲ್ಲೇ ಉಳಿಯಿತು. ಆ ಜಾಗದಲ್ಲೇ ಏನೋ ಇದೆ ಅಂತ ಆಯಿತು.

ಬಿ ಕಡೆಯ ಸಪ್ಲೈ ನೋಡಿದೆ. ಸಾಕೆಟ್‌ನಲ್ಲಿ 3.28 ವೋಲ್ಟ್, ಲೋಡ್ ಕೊಟ್ಟಾಗಲೂ ಅಷ್ಟೇ. ಡ್ರ್ಯಾಗ್ ಚೈನ್‌ನಲ್ಲಿ ಓಡುವ ಕೇಬಲ್ ಅಲ್ಲಾಡಿಸುತ್ತಾ ಕಂಟಿನ್ಯೂಟಿ ನೋಡಿದೆ, ಎಲ್ಲೂ ಕಡಿದಿಲ್ಲ. ಏರ್ ಗೇಜ್ ನೋಡಿದೆ, 5 ಬಾರ್. "ಗಾಳಿ ಸರಿ" ಅಂತ ಟಿಕ್ ಹಾಕಿದೆ. ಮಷಿನ್ ನಿಂತಿದ್ದಾಗ, ಪಕ್ಕದ ಹುಡುಗ ಊಟಕ್ಕೆ ಹೋಗಿದ್ದಾಗ ನೋಡಿದ ಗೇಜ್ ಅದು.

ಅಷ್ಟರಲ್ಲಿ ಆಫೀಸಿನಿಂದ ಒತ್ತಡ ಶುರುವಾಯಿತು. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ, ಅರ್ಧ ಜನ ರಜೆ. ಗುರುವಾರದೊಳಗೆ ಮಾಲು ರೆಡಿ ಇರಬೇಕು. ಸಾಫ್ಟ್‌ವೇರ್‌ನಲ್ಲಿ ರಿಟ್ರೈ ಅಂತ ಒಂದು ಸೆಟ್ಟಿಂಗ್ ಇದೆ. ಫೇಲ್ ಆದ ಚಿಪ್ ಎತ್ತಿ ಮತ್ತೆ ಕೂರಿಸಿ ಪ್ರಯತ್ನ ಮಾಡುತ್ತದೆ. ನಮ್ಮಲ್ಲಿ ಅದು ಯಾವಾಗಲೂ 0. ನಾನು 3 ಮಾಡಿದೆ.

ಫೇಲ್ 0.4 ಪರ್ಸೆಂಟ್‌ಗೆ ಇಳಿಯಿತು. ಬಜರ್ ಸುಮ್ಮನಾಯಿತು. ಎಲ್ಲರಿಗೂ ಖುಷಿ. ನಾನೂ ನೆಮ್ಮದಿಯಾಗಿ ಟೀ ಕುಡಿದೆ.

ಗುರುವಾರ ಸಂಜೆಯ ಹೊತ್ತಿಗೆ 14 ಟ್ರೇ, ಅಂದರೆ 3,500 ಚಿಪ್ ರೆಡಿ. ಮೊದಲ ನಾಲ್ಕು ಟ್ರೇ ಆವತ್ತೇ ಹೋದವು. ಉಳಿದ ಹತ್ತು ಸೋಮವಾರ ಹೋಗಬೇಕಿತ್ತು. ಹೋಗಲಿಲ್ಲ, ನನ್ನ ಅದೃಷ್ಟ.

ಆಗಸ್ಟ್ 11, ಸೋಮವಾರ

ಒಂಬತ್ತೂವರೆಗೆ ಬೋರ್ಡ್ ಜೋಡಿಸುವವರಿಂದ ಫೋನ್. ಸಾವಿರ ಬೋರ್ಡ್‌ನಲ್ಲಿ 26ರಲ್ಲಿ ನಮ್ಮ ಚಿಪ್‌ನ ಕಾಲು ಬೆಸುಗೆ ಹಿಡಿದಿಲ್ಲ. "ನಿಮ್ಮ ಚಿಪ್ ಕಾಲು ಮೇಲೆದ್ದಿದೆ, ಫೋಟೋ ಕಳಿಸಿದೀವಿ ನೋಡಿ."

ಫೋಟೋ ನೋಡಿದೆ. ಕೈ ತಣ್ಣಗಾಯಿತು. ಒಂದು ಮೂಲೆಯ ಮೂರು ನಾಲ್ಕು ಕಾಲು ಪ್ಯಾಡ್ ಮೇಲೆ ಗಾಳಿಯಲ್ಲಿ ನಿಂತಿವೆ. ಬೆಸುಗೆ ಕೆಳಗೆ ಹೊಳೆಯುತ್ತಿದೆ, ಕಾಲು ಮೇಲಿದೆ, ನಡುವೆ ಸಣ್ಣ ಕತ್ತಲೆ ಗೆರೆ.

ಉಳಿದಿದ್ದ ಟ್ರೇಯಿಂದ ಚಿಪ್ ತೆಗೆದು ನೋಡಲು ಶುರು ಮಾಡಿದೆ. ಮಾಡಿದ್ದು ಇಷ್ಟೇ: ದಪ್ಪ ಗಾಜಿನ ತುಂಡು ಟೇಬಲ್ ಮೇಲೆ ಇಟ್ಟು, ಅದರ ಮೇಲೆ ಚಿಪ್ ಕೂರಿಸಿ, ಕಾಲಿನ ಕೆಳಗೆ ಫೀಲರ್ ಗೇಜ್ ಬ್ಲೇಡ್ (ಗೊತ್ತಿರುವ ದಪ್ಪದ ತೆಳು ಪಟ್ಟಿ) ತೂರಿಸುವುದು. ಈ ಪ್ಯಾಕೇಜ್‌ಗೆ ಕಾಲುಗಳ ಎತ್ತರದ ವ್ಯತ್ಯಾಸ 0.08 ಮಿ.ಮೀ. ಮೀರಬಾರದು. ನಮ್ಮ ಫೀಲರ್ ಸೆಟ್‌ನಲ್ಲಿ 0.05 ಆದಮೇಲೆ 0.10 ಇದೆ. 0.10 ಬ್ಲೇಡ್ ಸಲೀಸಾಗಿ ನುಗ್ಗಿದರೆ ಚಿಪ್ ರಿಜೆಕ್ಟ್. ನುಗ್ಗದಿದ್ದರೂ ಅನುಮಾನ ಬಂದರೆ ಮೈಕ್ರೋಸ್ಕೋಪ್. ಗಾಜು, ಚಿಪ್ ಎರಡರ ನಡುವೆ ಬೆಳಕು ಕಂಡರೆ ಸಾಕು.

ಲಾಗ್ ಒಂದು ಉಪಕಾರ ಮಾಡಿತು. ಯಾವ ಚಿಪ್‌ಗೆ ಎಷ್ಟು ರಿಟ್ರೈ ಆಯಿತು, ಯಾವ ಟ್ರೇಯ ಯಾವ ಗುಳಿಗೆ ಹೋಯಿತು ಎಲ್ಲಾ ಬರೆದಿತ್ತು. 3,500ರಲ್ಲಿ 406 ಚಿಪ್ ಒಂದಾದರೂ ರಿಟ್ರೈ ಕಂಡಿದ್ದವು. 118 ಆಗಲೇ ಹೋಗಿದ್ದ ಟ್ರೇಗಳಲ್ಲಿ, 288 ನಮ್ಮ ಹತ್ತಿರ. ನಾನು, ಆಪರೇಟರ್ ಹುಡುಗಿ ಇಬ್ಬರೇ ಕೂತು 288 ಚಿಪ್ ನೋಡಿ ಮುಗಿಸಲು ಒಂದೂವರೆ ದಿನ ಹಿಡಿಯಿತು. 54ರ ಕಾಲು ಬಾಗಿತ್ತು. ರಿಟ್ರೈ ಕಾಣದ ನೂರು ಚಿಪ್ ಸುಮ್ನೆ ನೋಡಿದೆವು, ಒಂದೂ ಇಲ್ಲ.

ಬಾಗಿದ್ದೆಲ್ಲಾ ಹೆಚ್ಚುಕಮ್ಮಿ ಒಂದೇ ಮೂಲೆ. 36 ಮತ್ತು 37ನೇ ಕಾಲು ಸೇರುವ ಮೂಲೆ. ಪ್ರೋಗ್ರಾಂ ಮಾಡಲು ಬೇಕಾದ ಎರಡು ಸಿಗ್ನಲ್ ಗೆರೆ ಈ ಚಿಪ್‌ನಲ್ಲಿ 34 ಮತ್ತು 37ನೇ ಕಾಲು. ಎರಡೂ ಆ ಮೂಲೆಯ ಅಕ್ಕಪಕ್ಕದಲ್ಲೇ ಇವೆ. ಆ ಮೂಲೆ ಸ್ವಲ್ಪ ಮೇಲೆದ್ದು ಕೂತರೆ ಕನೆಕ್ಷನ್ ಹೋಯಿತು. ಮತ್ತೆ ಎತ್ತಿ ಕೂರಿಸಿದರೆ ಎರಡನೇ ಸಲವೋ ಮೂರನೇ ಸಲವೋ ಹೇಗೋ ತಾಗಿ ಪಾಸ್ ಆಗುತ್ತದೆ. ಅಷ್ಟರಲ್ಲಿ ಕಾಂಟ್ಯಾಕ್ಟ್ ಕಚ್ಚಿ ಕಚ್ಚಿ ಕಾಲು ಬಾಗಿರುತ್ತದೆ. ಮಷಿನ್ ಅಳುತ್ತಿದ್ದದ್ದು ಸರಿಯಾಗೇ ಇತ್ತು. ನಾನು ಬಾಯಿಗೆ ಬಟ್ಟೆ ತುರುಕಿದ್ದೆ.

ರಿಟ್ರೈ ಮತ್ತೆ 0 ಮಾಡಿದೆ. ಮಷಿನ್ ನಿಲ್ಲಿಸಿದೆ. ಓನರ್‌ಗೆ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ಏನೂ ಮಾತಾಡಲೂ ಇಲ್ಲ. ಬೈದಿದ್ದರೇ ವಾಸಿ ಇತ್ತು.

ಆಗಸ್ಟ್ 12, ಮಂಗಳವಾರ

ಚಿಪ್ ವಾರೆಯಾಗಿ ಕೂರುತ್ತಿದೆ, ಅದೂ ಬಿ ಕಡೆ ಮಾತ್ರ. ಹಾಗಾದರೆ ಕೂರುವ ಕ್ಷಣವನ್ನು ನೋಡಬೇಕು. ಕಣ್ಣಿಗೆ ಸಿಗುವಷ್ಟು ನಿಧಾನ ಅಲ್ಲ. ಮೊಬೈಲ್‌ನ ಸ್ಲೋ ಮೋಷನ್ ಹಾಕಿದೆ, ಸೆಕೆಂಡಿಗೆ 240 ಫ್ರೇಮ್. ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್. ಸಿಲಿಂಡರ್‌ಗೆ ಗಾಳಿ ಬಿಡುವ ಸೊಲೆನಾಯ್ಡ್ ವಾಲ್ವ್ ಮೇಲೆ ಒಂದು ಸಣ್ಣ ಕೆಂಪು ಎಲ್‌ಇಡಿ ಇದೆ. ಅದು ಹತ್ತಿದ ಫ್ರೇಮ್‌ನಿಂದ ಪ್ಲೇಟ್ ತಳ ಮುಟ್ಟುವ ಫ್ರೇಮ್‌ವರೆಗೆ ಎಣಿಸಿದರೆ ಪ್ಲೇಟ್ ಇಳಿಯಲು ಎಷ್ಟು ಹೊತ್ತು ಅಂತ ಸಿಗುತ್ತದೆ. ಎಲ್‌ಇಡಿಯೂ ಪ್ಲೇಟೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಅದಕ್ಕೆ ಮೊಬೈಲನ್ನು ಡಬಲ್ ಟೇಪ್ ಹಾಕಿ ಸೇಫ್ಟಿ ಬಾಗಿಲಿಗೆ ಅಂಟಿಸಿದೆ.

ಎ ಕಡೆ 14 ಫ್ರೇಮ್, 58 ಮಿಲಿಸೆಕೆಂಡ್. ಬಿ ಕಡೆ 22 ಫ್ರೇಮ್, 92 ಮಿಲಿಸೆಕೆಂಡ್. ವಾಲ್ವ್ ಹತ್ತಿದ ಮೇಲೆ ಹೆಡ್ ಕೆಳಗಿಳಿದು ಚಿಪ್ ಬಿಡಲು 25 ಫ್ರೇಮ್, 104 ಮಿಲಿಸೆಕೆಂಡ್.

ಬಿ ನಿಧಾನ. ಆದರೆ 92 ಇನ್ನೂ 104ಕ್ಕಿಂತ ಕಡಿಮೆ ಅಲ್ವಾ? ಕೂದಲೆಳೆಯಲ್ಲಿ ಪಾಸ್. ಹತ್ತು ಸಲ ತೆಗೆದೆ, ಹತ್ತು ಸಲವೂ ಚಿಪ್ ನೆಟ್ಟಗೆ ಕೂತಿತು. ತಲೆ ಕೆಟ್ಟುಹೋಯಿತು.

ಹನ್ನೊಂದರ ಟೀ ಮುಗಿಸಿ ಪಕ್ಕದ ಹುಡುಗ ಗನ್ ಹಿಡಿದ. ಶ್ಶ್ಶ್ ಅಂತ ಶಬ್ದ ಬಂತು. ಹಿಂದೆಯೇ ನಮ್ಮ ಮಷಿನ್ ಅತ್ತಿತು.

ಹುಡುಗಿ ನನ್ನ ಕಡೆ ನೋಡಿದಳು. ಏನೂ ಹೇಳಲಿಲ್ಲ.

ಗನ್ ಓಡುತ್ತಿರುವಾಗಲೇ ಮತ್ತೆ ವಿಡಿಯೋ ತೆಗೆದೆ. ಬಿ ಕಡೆ 33 ಫ್ರೇಮ್, 137 ಮಿಲಿಸೆಕೆಂಡ್. ಪ್ಲೇಟ್ ಇನ್ನೂ ಇಳಿಯುತ್ತಲೇ ಇದೆ, ಹೆಡ್ ಆಗಲೇ ಚಿಪ್ ಬಿಟ್ಟಾಗಿದೆ. ಕಾಂಟ್ಯಾಕ್ಟ್‌ಗಳು ಅರ್ಧ ಬಾಯಿ ತೆರೆದಿವೆ, ಚಿಪ್ ಅವುಗಳ ತುದಿಯ ಮೇಲೆ ಓಲಾಡುತ್ತಿದೆ. ಒಂದು ಮೂಲೆ ಒಳಗೆ ಜಾರಿತು, ಎದುರಿನ ಮೂಲೆ ಮೇಲೇ ನಿಂತಿತು. ಪ್ಲೇಟ್ ವಾಪಸ್ ಎದ್ದಾಗ ಕಾಂಟ್ಯಾಕ್ಟ್ ಹಾಗೇ ಕಚ್ಚಿಕೊಂಡಿತು. ಮೊಬೈಲ್ ಪರದೆಯಲ್ಲಿ ಇದನ್ನು ಬೆರಳಲ್ಲಿ ಹಿಂದೆ ಮುಂದೆ ಎಳೆದು ಎಷ್ಟು ಸಲ ನೋಡಿದೆನೋ.

ಆಗಸ್ಟ್ 4ರ ಲಾಗ್ ಮತ್ತೆ ತೆಗೆದು ಈ ಸಲ ಸಮಯದ ಕಾಲಂ ನೋಡಿದೆ. ಫೇಲ್‌ಗಳು ಗುಂಪು ಗುಂಪಾಗಿವೆ. ಹತ್ತು ಹದಿನೈದು ನಿಮಿಷ ಸಾಲಾಗಿ ಬರುತ್ತವೆ, ಆಮೇಲೆ ಮುಕ್ಕಾಲು ಗಂಟೆ ಒಂದೂ ಇಲ್ಲ. ಮೊದಲ ದಿನದಿಂದಲೂ ಈ ಫೈಲ್ ನನ್ನ ಕಂಪ್ಯೂಟರ್‌ನಲ್ಲೇ ಇತ್ತು. ನಾನು ನೋಡಿದ್ದು ಸಾಕೆಟ್ ನಂಬರ್ ಮಾತ್ರ.

ಬಿ ಸಿಲಿಂಡರ್ ಬುಡದಲ್ಲಿ ಟೀ ಜಾಯಿಂಟ್ ಹಾಕಿ 260 ರೂಪಾಯಿಯ ಗೇಜ್ ಕೂರಿಸಿದೆ. ಗನ್ ಇಲ್ಲದಾಗ 5 ಬಾರ್, ಗನ್ ಹಿಡಿದಾಗ 3.6. ಕಂಪ್ರೆಸರ್‌ನಿಂದ ಬರುವ 6 ಎಂ.ಎಂ. ಪಿಯು (ಪ್ಲಾಸ್ಟಿಕ್) ಟ್ಯೂಬ್ ಒಂದೇ, ಅದನ್ನೇ ಕವಲು ಮಾಡಿ ಗನ್‌ಗೂ ಮಷಿನ್‌ಗೂ ಕೊಟ್ಟಿದ್ದೇವೆ. ಕೊಟ್ಟವನು ನಾನೇ, ಎರಡು ವರ್ಷದ ಹಿಂದೆ. ಆಗ ರೌಟರ್ ಇರಲಿಲ್ಲ.

ಇಷ್ಟಾದರೂ ಎರಡು ಪ್ರಶ್ನೆ ಉಳಿದವು. ಗನ್ ಇಲ್ಲದಾಗಲೂ ಬಿ ಯಾಕೆ ನಿಧಾನ? ಪ್ಲೇಟ್ ಇಳಿಯುವ ಮೊದಲೇ ಹೆಡ್ ಯಾಕೆ ಚಿಪ್ ಬಿಡುತ್ತದೆ? ಪ್ಲೇಟ್ ಇಳಿದಿದೆ ಅಂತ ಹೇಳಲು ಸಿಲಿಂಡರ್ ಮೇಲೆ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ಹತ್ತುವ ಸ್ವಿಚ್) ಇರಬೇಕು. ಎ ಕಡೆ ಇದೆ. ಬಿ ಕಡೆ ನೋಡಿದರೆ ಸ್ವಿಚ್ಚೇ ಇಲ್ಲ. ಕೇಬಲ್ ಹಿಡಿದುಕೊಂಡು ಪ್ಯಾನೆಲ್ ಒಳಗೆ ಹೋದೆ. ಟರ್ಮಿನಲ್‌ನಲ್ಲಿ ಮೂರು ಇಂಚಿನ ಹಳದಿ ವೈರ್, ಎರಡು ತುದಿಯೂ ನೀಟಾಗಿ ಸುಲಿದು ಕೂರಿಸಿದ್ದಾರೆ. ಜಂಪರ್. ಬಿ ಕಡೆಯ ಪ್ಲೇಟ್ ಯಾವಾಗಲೂ ಇಳಿದೇ ಇದೆ ಅಂತ ಮಷಿನ್ ನಂಬಿಕೊಂಡಿದೆ. ನಮಗೆ ಮಾರುವ ಮೊದಲೇ ಯಾರೋ ಹಾಕಿದ್ದು. ಎರಡು ವರ್ಷ ಆ ಪ್ಯಾನೆಲ್ ಬಾಗಿಲು ನೂರು ಸಲ ತೆಗೆದಿದ್ದೇನೆ.

ಆಗಸ್ಟ್ 13, ಬುಧವಾರ

ಮೊದಲು ನಿಧಾನದ ಕಾರಣ. ಸಿಲಿಂಡರ್ ಇಳಿಯುವಾಗ ಇನ್ನೊಂದು ಬದಿಯ ಗಾಳಿ ವಾಲ್ವ್ ಮೂಲಕ ಹೊರಗೆ ಹೋಗಬೇಕು. ಹೊರಗೆ ಹೋಗುವ ಬಾಯಿಯಲ್ಲಿ ಹಿತ್ತಾಳೆ ಪುಡಿಯ ಸಣ್ಣ ಸೈಲೆನ್ಸರ್ ಇರುತ್ತದೆ, ಶೇಂಗಾಬೀಜದಷ್ಟು. ಬಿ ಕಡೆಯದ್ದನ್ನು ಬೆರಳಲ್ಲೇ ತಿರುಗಿಸಿ ಬಿಚ್ಚಿದೆ. ಕಂದು ಬಣ್ಣದ ಜಿಡ್ಡು ಮೆತ್ತಿತ್ತು, ಎಣ್ಣೆ ಮತ್ತು ನೀರು ಕಲಸಿದ ಹಾಗೆ. ಬಾಯಲ್ಲಿ ಊದಿದರೆ ಗಾಳಿ ಹೋಗುವುದಿಲ್ಲ. ಬಿ ವಾಲ್ವ್ ಏರ್ ಲೈನ್‌ನ ಕೊನೆಯಲ್ಲಿದೆ, ತಗ್ಗಿನಲ್ಲಿ. ಮಳೆಗಾಲದಲ್ಲಿ ಕಂಪ್ರೆಸರ್ ನೀರೆಲ್ಲಾ ಹರಿದು ಅಲ್ಲಿಗೇ ಬರುತ್ತದೆ.

ಸೈಲೆನ್ಸರ್ ಇಲ್ಲದೆ ಓಡಿಸಿದೆ: 15 ಫ್ರೇಮ್. ಸಿಕ್ಕಿತು.

ಖುಷಿಯಲ್ಲಿ ಹಾಗೇ ಹತ್ತು ನಿಮಿಷ ಓಡಿಸಿಬಿಟ್ಟೆ. ಹೊರಬರುವ ಗಾಳಿಯ ಜೊತೆ ಎಣ್ಣೆ ಹನಿ ಹಾರಿ ಕ್ಯಾಮೆರಾ ಗಾಜಿನ ಮೇಲೆ ಕೂತಿತು. ಮಷಿನ್ ಚಿಪ್ಪನ್ನೇ ಗುರುತಿಸದೆ ನಿಂತಿತು. ಗಾಜು ಒರೆಸಲು, ಸಾಕೆಟ್‌ಗಳನ್ನು ಮತ್ತೆ ತೊಳೆಯಲು ಒಂದು ಗಂಟೆ. ಸೈಲೆನ್ಸರ್ ಬಿಚ್ಚಿ ಪರೀಕ್ಷೆ ಮಾಡಿದರೆ ಬಾಯಿಗೆ ಒಂದು ಬಟ್ಟೆ ಹಿಡಿದುಕೊಳ್ಳಿ.

ಹಳೆಯದನ್ನು ಥಿನ್ನರ್‌ನಲ್ಲಿ ನೆನೆಹಾಕಿದ್ದೆ. ಒಂದಿಷ್ಟು ಕೆಸರು ಬಿಟ್ಟಿತು, ಆದರೂ 19 ಫ್ರೇಮ್‌ಗಿಂತ ಕೆಳಗೆ ಬರಲಿಲ್ಲ. ಹೊಸದಕ್ಕೆ 45 ರೂಪಾಯಿ. ನಾಲ್ಕು ತಂದು ಎಲ್ಲಾ ವಾಲ್ವ್‌ಗೂ ಹಾಕಿದೆ.

ಮಧ್ಯಾಹ್ನ ರೀಡ್ ಸ್ವಿಚ್. 380 ರೂಪಾಯಿ. ಜಂಪರ್ ಕಿತ್ತು, ಸ್ವಿಚ್ಚನ್ನು ಸಿಲಿಂಡರ್ ಮೇಲೆ ಕಟ್ಟಿ, ಪ್ಲೇಟ್ ಇಳಿಸಿದೆ. ಎಲ್‌ಇಡಿ ಹತ್ತಲಿಲ್ಲ. ಸ್ವಿಚ್ಚನ್ನು ಮೇಲೆ ಕೆಳಗೆ ಜಾರಿಸಿದೆ. ಇಲ್ಲ. ವೈರ್ ಉಲ್ಟಾ ಆಯಿತೇನೋ ಅಂತ ತಿರುಗಿಸಿ ಹಾಕಿದೆ. ಇಲ್ಲ. ಸ್ವಿಚ್ ಕೆಟ್ಟಿದೆ ಅಂತ ಅಂಗಡಿಗೆ ಫೋನ್ ಮಾಡಿ ಜಗಳ ಮಾಡುವವನಿದ್ದೆ. ಅದಕ್ಕೂ ಮೊದಲು ಸ್ಕ್ರೂಡ್ರೈವರ್ ಕಿಟ್‌ನ ಮ್ಯಾಗ್ನೆಟ್ ತಾಗಿಸಿದೆ. ತಟ್ಟನೆ ಹತ್ತಿತು. ಸ್ವಿಚ್ ಗಟ್ಟಿಮುಟ್ಟಾಗಿದೆ. ಸಿಲಿಂಡರ್ ಒಳಗಿನ ಪಿಸ್ಟನ್‌ನಲ್ಲೇ ಮ್ಯಾಗ್ನೆಟ್ ಇಲ್ಲ!

ಆಗ ಜಂಪರ್‌ನ ಕಥೆ ಅರ್ಥವಾಯಿತು. ಹಿಂದೆ ಯಾವಾಗಲೋ ಬಿ ಸಿಲಿಂಡರ್ ಕೆಟ್ಟಿದೆ. ಸಿಕ್ಕಿದ್ದನ್ನು ತಂದು ಹಾಕಿದ್ದಾರೆ. ಅದರಲ್ಲಿ ಮ್ಯಾಗ್ನೆಟ್ ಇಲ್ಲದೆ ಸ್ವಿಚ್ ಕೆಲಸ ಮಾಡಿಲ್ಲ. ಮಷಿನ್ ಮುಂದೆ ಹೋಗಲು ವೈರ್ ತುಂಡು ಸಿಕ್ಕಿಸಿದ್ದಾರೆ. ಅವರನ್ನು ಬೈಯಲು ಬಾಯಿ ಬರಲಿಲ್ಲ. ಅವರು ಜಂಪರ್ ಹಾಕಿದರು, ನಾನು ರಿಟ್ರೈ 3 ಹಾಕಿದೆ.

ಮ್ಯಾಗ್ನೆಟ್ ಇರುವ ಕಾಂಪ್ಯಾಕ್ಟ್ ಸಿಲಿಂಡರ್, 20 ಬೋರ್, 25 ಸ್ಟ್ರೋಕ್, 1,450 ರೂಪಾಯಿ. ಕೇಳುವಾಗ "ಮ್ಯಾಗ್ನೆಟ್ ಪಿಸ್ಟನ್" ಅಂತ ಬಾಯಿ ಬಿಟ್ಟು ಹೇಳಿ. ಹೊರಗಿನಿಂದ ನೋಡಿದರೆ ಎರಡೂ ಅವಳಿಜವಳಿ.

ಆಗಸ್ಟ್ 14, ಗುರುವಾರ

ಹೊಸ ಸಿಲಿಂಡರ್ ಕೂತಿತು. ರೀಡ್ ಸ್ವಿಚ್ ಹತ್ತಿತು, ಆದರೆ ಬೇಗನೇ ಹತ್ತಿತು. ಪ್ಲೇಟ್ ತಳ ಮುಟ್ಟಲು ಇನ್ನೂ 4 ಮಿ.ಮೀ. ಇರುವಾಗಲೇ "ಇಳಿದಾಯಿತು" ಅನ್ನುತ್ತಿತ್ತು. ಹಾಗೇ ಬಿಟ್ಟಿದ್ದರೆ ಜಂಪರ್‌ನ ತಮ್ಮ ಆಗುತ್ತಿತ್ತು. ಸ್ವಿಚ್ಚನ್ನು ಕೆಳಗೆ ಜಾರಿಸುತ್ತಾ, ಕೈಯಲ್ಲೇ ಪ್ಲೇಟ್ ಒತ್ತುತ್ತಾ, ಕೊನೆಯ 1 ಮಿ.ಮೀ.ನಲ್ಲಿ ಮಾತ್ರ ಹತ್ತುವ ಹಾಗೆ ಮಾಡಿ ಬಿಗಿ ಮಾಡಿದೆ. ಅದರ ಮೇಲೆ ಸಾಫ್ಟ್‌ವೇರ್‌ನಲ್ಲಿ 20 ಮಿಲಿಸೆಕೆಂಡ್ ಕಾಯುವಿಕೆ. ಸ್ವಿಚ್ ಜಾರಿದರೆ ಗೊತ್ತಾಗಲಿ ಅಂತ ಮಾರ್ಕರ್‌ನಲ್ಲಿ ಗೆರೆ ಎಳೆದೆ.

ಗಾಳಿ ಲೈನ್ ಬೇರೆ ಮಾಡಿದೆ. ಕಂಪ್ರೆಸರ್ ಟ್ಯಾಂಕ್‌ನಿಂದ ನೇರವಾಗಿ 10 ಎಂ.ಎಂ. ಪಿಯು ಟ್ಯೂಬ್, 15 ಮೀಟರ್. ಮಷಿನ್ ಹಿಂದೆ 5 ಲೀಟರ್‌ನ ಸಣ್ಣ ಏರ್ ಟ್ಯಾಂಕ್, ಅದರ ಮುಂದೆ ಎನ್‌ಆರ್‌ವಿ, ಅಂದರೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್. ಕಂಪ್ರೆಸರ್ ಕಡೆ ಪ್ರೆಶರ್ ಬಿದ್ದರೂ ನಮ್ಮ ಗಾಳಿ ವಾಪಸ್ ಓಡಬಾರದು ಅಂತ. ಮೊದಲ ಸಲ ಎನ್‌ಆರ್‌ವಿ ಉಲ್ಟಾ ಹಾಕಿ, ಮಷಿನ್‌ಗೆ ಗಾಳಿಯೇ ಬರದೆ ಐದು ನಿಮಿಷ ಫಿಟ್ಟಿಂಗ್ ಲೀಕ್ ಹುಡುಕಿದೆ. ಬಾಣದ ಗುರುತು ಕಣ್ಣೆದುರೇ ಇತ್ತು.

ಪಕ್ಕದ ಹುಡುಗನನ್ನು ಕರೆದು "ಒಂದು ನಿಮಿಷ ಗನ್ ಒತ್ತಿಕೊಂಡೇ ಇರಪ್ಪ" ಅಂದೆ. ಗೇಜ್ 5ರಿಂದ 4.8ಕ್ಕೆ ಇಳಿಯಿತು. ಪ್ಲೇಟ್ 17 ಫ್ರೇಮ್. ಹೆಡ್ ಈಗ ಸ್ವಿಚ್ ಹೇಳುವವರೆಗೂ ಕಾಯುತ್ತದೆ.

ಆಗಸ್ಟ್ 18, ಸೋಮವಾರ

ಒಂದು ವಾರ ಹೊರಗೆ ಬಿದ್ದಿದ್ದ ಚಿಪ್‌ಗಳು ತೇವ ಹೀರಿರುತ್ತವೆ. ಅವನ್ನು 125 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಇಟ್ಟಿದ್ದೆವು. ಇಡುವ ಮೊದಲು ಟ್ರೇ ಅಂಚಿನಲ್ಲಿ ಬರೆದ ಡಿಗ್ರಿ ನೋಡಿಕೊಳ್ಳಿ. ಎಲ್ಲಾ ಟ್ರೇಯೂ ಅಷ್ಟು ಶಾಖ ತಡೆಯಲ್ಲ.

ರಿಟ್ರೈ 0 ಇಟ್ಟು ಹತ್ತು ಟ್ರೇ, 2,500 ಹೊಸ ಚಿಪ್ ಓಡಿಸಿದೆ. 9 ಫೇಲ್. ಬಿ ಕಡೆ ಮೂರು, ಎ ಕಡೆ ಆರು. ಆರರಲ್ಲಿ ನಾಲ್ಕು ಸಾಕೆಟ್ 3ರದ್ದು. ಅದನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ನಿಜವಾಗಿಯೂ ಸವೆದಿತ್ತು. "ಸವೆದಿದೆ" ಅಂತ ಬರೆದಿಟ್ಟ ಕವರ್‌ನಿಂದ ಒಂದು ಸಾಕೆಟ್ ತೆಗೆದು ಅಲ್ಲಿಗೆ ಹಾಕಿದೆ. ಚೆನ್ನಾಗಿ ಓಡುತ್ತಿದೆ. ಕವರ್ ಮೇಲಿನ ಬರಹ ಹೊಡೆದು ಹಾಕಿದೆ.

ಖರ್ಚು:

ಸಿಲಿಂಡರ್ 1,450
ರೀಡ್ ಸ್ವಿಚ್ 380
ಸೈಲೆನ್ಸರ್ ನಾಲ್ಕು 180
ಪಿಯು ಟ್ಯೂಬ್ 630
ಎನ್‌ಆರ್‌ವಿ 350
ಏರ್ ಟ್ಯಾಂಕ್ 1,900
ಫಿಟ್ಟಿಂಗ್ 420
ಗೇಜ್ 260

ಒಟ್ಟು 5,570 ರೂಪಾಯಿ. ಬೇಡದೆ ತಂದ ಸಾಕೆಟ್‌ಗೆ 12,800. ಕಾಲು ಬಾಗಿದ 54 ಚಿಪ್, ಒಂದಕ್ಕೆ 110ರಂತೆ 5,940. ಆ 26 ಬೋರ್ಡ್ ರಿಪೇರಿಯ ಕೂಲಿ ನಮ್ಮ ಬಿಲ್‌ನಲ್ಲೇ ಹಿಡಿದುಕೊಂಡರು. ಹಿಡಿಯಬೇಕಾದ್ದೇ.

ಬಾಕಿ ಇರುವ ಕೆಲಸ ಒಂದು. ಏರ್ ಡ್ರೈಯರ್ ಬೇಕು ಅಂತ ಬರೆದುಕೊಟ್ಟಿದ್ದೇನೆ, ಓನರ್ "ದೀಪಾವಳಿ ಆದಮೇಲೆ ನೋಡೋಣ" ಅಂದಿದ್ದಾರೆ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಕಂಪ್ರೆಸರ್‌ನ ಡ್ರೈನ್ ಕಾಕ್ ತೆರೆದು ನೀರು ಬಿಡಬೇಕು. ಗೋಡೆಗೆ ಚಾರ್ಟ್ ಅಂಟಿಸಿದ್ದೇವೆ. ಟಿಕ್ ಹಾಕುವ ಜವಾಬ್ದಾರಿಯನ್ನು ಆ ಹುಡುಗಿ ತಾನೇ ಕೇಳಿ ತೆಗೆದುಕೊಂಡಳು. ಇವತ್ತು ಅರ್ಧ ಲೋಟ ನೀರು ಬಂತು.